ಪರದೇಶದ ಬಂಡವಾಳವನ್ನು ತೂಗಿ ನೋಡಿದ ನ್ಯಾಯಮೂರ್ತಿ ರಾನಡೆ

ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿರುವ ರಾನಡೆ ಇನ್‌ಸ್ಟಿಟ್ಯೂಟಿನ ಮುಂದೆ ಹಾದುಹೋಗದ ಪುಣೆ ಕನ್ನಡಿಗರು ವಿರಳ. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರನ್ನು ಸಮಾಜ ಸುಧಾರಕರೆಂದು ನಾವೆಲ್ಲ ಬಲ್ಲೆವು. ಆದರೆ ಬಡ ದೇಶವೊಂದು ಪರರ ಹಣದಿಂದ ಉದ್ಧಾರವಾಗಬಲ್ಲುದೇ ಎಂಬ ಪ್ರಶ್ನೆಯನ್ನು ಅವರು ಈ ಊರಿನಲ್ಲಿಯೇ ಕುಳಿತು ಆಳವಾಗಿ ಚಿಂತಿಸಿದ್ದರೆಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ರಾನಡೆಯವರು ನಾಸಿಕ ಜಿಲ್ಲೆಯ ನಿಫಾಡದಲ್ಲಿ 1842ರ ಜನವರಿ 18ರಂದು ಜನಿಸಿದರು. ಬಾಲ್ಯ ಕೊಲ್ಹಾಪುರದಲ್ಲಿ ಕಳೆಯಿತು. 1862ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಮೊದಲ ಪದವೀಧರರಲ್ಲಿ ಒಬ್ಬರಾದರು. 1871ರಲ್ಲಿ ನ್ಯಾಯಾಧೀಶರಾಗಿ ಪುಣೆಗೆ ಬಂದ ಮೇಲೆ ಸಾರ್ವಜನಿಕ ಸಭೆಯ ಬೆನ್ನೆಲುಬಾಗಿ ನಿಂತರು.

1875ರಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ದಂಗೆಯೆದ್ದು ಸಾಹುಕಾರರ ಸಾಲಪತ್ರಗಳನ್ನು ಸುಟ್ಟರು. ಇದರ ಪರಿಣಾಮವಾಗಿ 1879ರಲ್ಲಿ ಪುಣೆ, ಸಾತಾರಾ, ಅಹ್ಮದನಗರ ಹಾಗೂ ನಮ್ಮ ಕನ್ನಡಿಗರೂ ಗಣನೀಯವಾಗಿ ನೆಲೆಸಿರುವ ಸೊಲ್ಲಾಪುರ ಜಿಲ್ಲೆಗಳಿಗೆ ರೈತ ಪರಿಹಾರ ಕಾಯಿದೆ ಜಾರಿಗೆ ಬಂತು. ಮುಂದೆ ಈ ಕಾಯಿದೆಯ ವಿಶೇಷ ನ್ಯಾಯಾಧೀಶರಾಗಿ ದುಡಿದ ರಾನಡೆಯವರು ಋಣದ ಮುಖವನ್ನು ಹತ್ತಿರದಿಂದ ಕಂಡರು. ರೈತರಿಗೆ ಕಡಿಮೆ ಬಡ್ಡಿಯ ಸಾಲ ನೀಡಲು ಪುರಂದರ ತಾಲೂಕಿನಲ್ಲಿ ಬ್ಯಾಂಕು ತೆರೆಯಬೇಕೆಂಬ ವಿಲಿಯಂ ವೆಡರ್‌ಬರ್ನ್ ಅವರ ಯೋಜನೆಯನ್ನು ಬೆಂಬಲಿಸಿದರು. ಲಂಡನ್ನಿನ ಅಧಿಕಾರಿಗಳು ಅದಕ್ಕೆ ಒಪ್ಪಿಗೆ ಕೊಡಲಿಲ್ಲ.

ಅದೇ ಲಂಡನ್ನಿನ ಬಂಡವಾಳ ರೈಲು ಮಾರ್ಗಗಳಿಗೆ ಮಾತ್ರ ಧಾರಾಳವಾಗಿ ಹರಿದಿತ್ತು. 1858ರಲ್ಲಿ ಪುಣೆಗೆ ರೈಲು ತಂದ ಕಂಪನಿಗೆ ಶೇಕಡಾ 5ರ ಆದಾಯದ ಖಾತರಿಯಿತ್ತು. ಕೊರತೆ ಬಿದ್ದರೆ ಅದನ್ನು ತುಂಬುತ್ತಿದ್ದದ್ದು ಭಾರತೀಯರ ತೆರಿಗೆ. ಲಾಭ ಅವರದು, ನಷ್ಟದ ಹೊಣೆ ನಮ್ಮದು. ಬ್ಯಾಂಕಿನಲ್ಲಿ ಸಾಲದ ಕಡತಗಳ ನಡುವೆ ಆಯುಷ್ಯ ಕಳೆದ ನನ್ನಂಥವನಿಗೆ ಈ ಕರಾರಿನ ವೈಚಿತ್ರ್ಯ ಬೇಗನೆ ಕಣ್ಣಿಗೆ ಬೀಳುತ್ತದೆ.

ಹಾಗೆಂದು ರಾನಡೆಯವರು ವಿದೇಶಿ ಹಣವನ್ನು ಸಾರಾಸಗಟಾಗಿ ಹಳಿಯಲಿಲ್ಲ. ದೇಶದ ಸಂಪತ್ತು ಇಂಗ್ಲೆಂಡಿಗೆ ಸೋರಿಹೋಗುತ್ತಿದೆಯೆಂದು ದಾದಾಭಾಯಿ ನವರೋಜಿಯವರು ವಾದಿಸುತ್ತಿದ್ದಾಗ, ಅದರಲ್ಲಿ ಒಂದು ಪಾಲು ನಾವು ಪಡೆದ ಸಾಲದ ನ್ಯಾಯವಾದ ಬಡ್ಡಿಯೇ, ಅಗ್ಗದ ಸಾಲ ಸಿಕ್ಕದ್ದು ಉಪಕಾರವೇ ಎಂದು ಅವರು ತಿಳಿಸಿದರು. ಆದರೆ ರಾಜಕೀಯ ಆಳ್ವಿಕೆ ಎಲ್ಲರ ಕಣ್ಣಿಗೆ ಬೀಳುವುದೆಂದೂ, ಪರರ ಬಂಡವಾಳ ಮತ್ತು ಕೌಶಲ ಒಂದು ದೇಶದ ಉದ್ಯಮದ ಮೇಲೆ ನಡೆಸುವ ಆಳ್ವಿಕೆ ಕಾಣದಂತೆಯೇ ಇನ್ನೂ ಆಳಕ್ಕೆ ಇಳಿಯುವುದೆಂದೂ ಎಚ್ಚರಿಸಿದರು.

1890ರಲ್ಲಿ ಪುಣೆಯ ಔದ್ಯೋಗಿಕ ಪರಿಷತ್ತಿಗಾಗಿ ಅವರು ಡಚ್ಚರ ವಸಾಹತಾದ ಜಾವಾದ ಕೃಷಿ ಪದ್ಧತಿಯನ್ನು ಕುರಿತು ಪ್ರಬಂಧ ಬರೆದರು. ಅಲ್ಲಿ ಸರಕಾರವೇ ಮುಂಗಡ ಹಣ ಕೊಟ್ಟು ಸಕ್ಕರೆ ಕಾರ್ಖಾನೆಗಳನ್ನು ಬೆಳೆಸಿದ್ದು ಅವರಿಗೆ ಮೆಚ್ಚುಗೆಯಾಯಿತು. ಜಾವಾದ ರೈತರು ಅನುಭವಿಸಿದ ಬಲವಂತದ ದುಡಿಮೆಗೆ ಅವರು ಸಾಕಷ್ಟು ತೂಕ ಕೊಡಲಿಲ್ಲವೆಂದು ಇಂದಿನ ಓದುಗರಿಗೆ ಅನ್ನಿಸಿದರೆ ಅದು ತಪ್ಪಲ್ಲ. 1892ರಲ್ಲಿ ಡೆಕ್ಕನ್ ಕಾಲೇಜಿನಲ್ಲಿ ನೀಡಿದ ಉಪನ್ಯಾಸದಲ್ಲಿ, ಇಂಗ್ಲೆಂಡಿನ ಅರ್ಥಶಾಸ್ತ್ರದ ಸೂತ್ರಗಳು ಎಲ್ಲ ದೇಶಗಳಿಗೂ ಹೊಂದಲಾರವೆಂದು ಪ್ರತಿಪಾದಿಸಿದರು. ಮರುವರ್ಷ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಗಳಾದರು. 1901ರ ಜನವರಿ 16ರಂದು ಮುಂಬಯಿಯಲ್ಲಿ ನಿಧನರಾದರು.

ಇಂದು ಸಾಲ ಕೊಡುವ ದೇಶ ಬದಲಾಗಿದೆ. ಚೀನಾದ ಸಾಲದಿಂದ ಕೀನ್ಯಾದ ಮೊಂಬಾಸಾ–ನೈರೋಬಿ ರೈಲು 2017ರಲ್ಲಿ ಓಡತೊಡಗಿತು. ಅದೇ ವರ್ಷ ಶ್ರೀಲಂಕಾ ತನ್ನ ಹಂಬನ್‌ತೋಟ ಬಂದರನ್ನು ಚೀನೀ ಕಂಪನಿಗೆ 99 ವರ್ಷಗಳ ಗುತ್ತಿಗೆಗೆ ಒಪ್ಪಿಸಿತು. ಚೀನಾ ಈ ದೇಶಗಳ ಅರಸನಲ್ಲ, ಕರಾರಿಗೆ ಸಹಿ ಹಾಕಿದ್ದು ಅಲ್ಲಿನ ಸ್ವತಂತ್ರ ಸರಕಾರಗಳೇ. ಈ ವ್ಯತ್ಯಾಸ ಸಣ್ಣದಲ್ಲ. ಆದರೂ ರಾನಡೆಯವರ ಚಿಂತನೆಯಿಂದ ಹುಟ್ಟುವ ಪ್ರಶ್ನೆಗಳು ಹಳತಾಗಿಲ್ಲ: ನಷ್ಟವಾದರೆ ಹೊರುವವರು ಯಾರು? ಕೆಲಸ ಮುಗಿದ ಮೇಲೆ ವಿದ್ಯೆ ಯಾರ ಕೈಯಲ್ಲಿ ಉಳಿಯುತ್ತದೆ? ಸಾಲ ಪಡೆಯುವ ಯಾವ ದೇಶವಾದರೂ ಸಹಿ ಹಾಕುವ ಮುನ್ನ ಇವಕ್ಕೆ ಉತ್ತರ ಕಂಡುಕೊಳ್ಳಬೇಕು.