ಶಾಸನಗಳ ವಾರವನ್ನು ಅರಸಿದ ಸ್ವಾಮಿಕಣ್ಣು ಪಿಳ್ಳೆ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಊರ ಮುಂದಿನ ವೀರಗಲ್ಲನ್ನೋ ಗುಡಿಯ ಬಳಿಯ ದಾನಶಾಸನವನ್ನೋ ಕಾಣದವರು ವಿರಳ. ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು 1904ರಲ್ಲಿ 'ಎಪಿಗ್ರಾಫಿಯ ಕರ್ನಾಟಿಕ'ದ 12ನೆಯ ಸಂಪುಟವಾಗಿ ಪ್ರಕಟಿಸಿದರು. ಶಾಸನಗಳಲ್ಲಿ ಸಂವತ್ಸರ, ಮಾಸ, ತಿಥಿ, ವಾರಗಳನ್ನು ಹೇಳುವುದು ವಾಡಿಕೆ. ಕೆಲವೆಡೆ ಶಕವರ್ಷದ ಅಂಕಿಗಳನ್ನೇ ಪದಗಳಲ್ಲಿ ಅಡಗಿಸಿರುವುದುಂಟು: ಚಂದ್ರನೆಂದರೆ ಒಂದು, ಕಣ್ಣೆಂದರೆ ಎರಡು, ಬಾಣವೆಂದರೆ ಐದು, ಆಕಾಶವೆಂದರೆ ಸೊನ್ನೆ. ಅಂದಿನ ಆ ದಿನ ಇಂದಿನ ಎಣಿಕೆಯಲ್ಲಿ ಯಾವುದು? ಈ ಪ್ರಶ್ನೆಗೆ ಉತ್ತರ ಕಾಣಲು ಶ್ರಮಿಸಿದ ಮಹನೀಯರೇ ದಿವಾನ್ ಬಹದ್ದೂರ್ ಲೂಯಿಸ್ ಡೊಮಿನಿಕ್ ಸ್ವಾಮಿಕಣ್ಣು ಪಿಳ್ಳೆ.

1865ರ ಫೆಬ್ರವರಿ 11ರಂದು ಜನಿಸಿದ ಇವರು ತಮಿಳು ಕಥೋಲಿಕರು. ಮದ್ರಾಸ್ ಸರ್ಕಾರದ ಸೇವೆಯಲ್ಲಿ ಉನ್ನತ ಹುದ್ದೆಗಳನ್ನು ನಿರ್ವಹಿಸಿ, 1924ರಲ್ಲಿ ಮದ್ರಾಸ್ ವಿಧಾನ ಪರಿಷತ್ತಿನ ಅಧ್ಯಕ್ಷರಾದರು. ಕಚೇರಿಯ ಹೊರೆಯ ನಡುವೆಯೇ 1911ರಲ್ಲಿ 'ಇಂಡಿಯನ್ ಕ್ರೊನಾಲಜಿ'ಯನ್ನೂ, 1922ರಲ್ಲಿ ಹಲವು ಸಂಪುಟಗಳ 'ಇಂಡಿಯನ್ ಎಫಿಮೆರಿಸ್' ಅನ್ನೂ ಹೊರತಂದರು. ಕ್ರಿ.ಶ. 700ರಿಂದ 1799ರವರೆಗೆ, 1100 ವರ್ಷಗಳ ದಿನದಿನದ ಲೆಕ್ಕ ಅದರಲ್ಲಿದೆ. ಇಂದು ಗಣಕಯಂತ್ರಕ್ಕೆ ಕೆಲವೇ ಸಾಲುಗಳ ಆದೇಶವಿತ್ತರೆ ತಾರೀಖಿನ ವಾರ ಕ್ಷಣದಲ್ಲಿ ದೊರೆಯುತ್ತದೆ. ಅವರಿಗೆ ಆ ಸೌಕರ್ಯವಿರಲಿಲ್ಲ.

ವಾರಕ್ಕೇಕೆ ಇಷ್ಟು ಮಹತ್ವ? ಸಂವತ್ಸರದ ಹೆಸರು 60 ವರ್ಷಗಳಿಗೊಮ್ಮೆ ಮರಳಿ ಬರುತ್ತದೆ. ತಿಥಿ ಚಂದ್ರನ ನಡಿಗೆಯನ್ನು ಅನುಸರಿಸುತ್ತದೆ; ವಾರವಾದರೋ ಯಾರಿಗೂ ಕಾಯದೆ ಏಳೇಳರಂತೆ ಸಾಗುತ್ತದೆ. ಎರಡೂ ತಾಳೆಯಾಗುವ ವರ್ಷವನ್ನು ಹುಡುಕಿದರೆ ಶಾಸನದ ಕಾಲ ಬಹುಮಟ್ಟಿಗೆ ನಿರ್ಧಾರವಾಗುತ್ತದೆ. ಹಳೆಯ ಅರಸನ ಹೆಸರಿನಲ್ಲಿ ಸುಳ್ಳು ದಾನಪತ್ರ ಬರೆಸುವವನಿಗೆ ಬಿರುದುಗಳನ್ನು ನಕಲು ಮಾಡುವುದು ಸುಲಭ, ಗತಿಸಿದ ತಿಥಿಯ ವಾರವನ್ನು ಸರಿಯಾಗಿ ಹೇಳುವುದು ಕಷ್ಟ. ಆದರೆ ತಾಳೆಯಾಗದ ಮಾತ್ರಕ್ಕೆ ಶಾಸನ ಕೂಟವೆನ್ನಲಾಗದು. ಲಿಪಿಕಾರನೂ ತಪ್ಪಬಹುದು, ತಿಥಿ ಎರಡು ದಿನಗಳಿಗೆ ಹರಡಿರಬಹುದು. ಗಣಿತ ಸಾಕ್ಷಿ ನುಡಿಯುತ್ತದೆ, ತೀರ್ಪು ವಿವೇಕಕ್ಕೆ ಸೇರಿದ್ದು.

ಪಿಳ್ಳೆಯವರು ಹುಟ್ಟಿದ್ದು ಶನಿವಾರ. ಅಲ್ಲಿಂದ ಅವರು ತೀರಿದ 1925ರ ಸೆಪ್ಟೆಂಬರ್ 10ರ ವಾರವನ್ನು ವಾಚಕರೇ ಎಣಿಸಬಹುದು. ಪ್ರತಿ ವರ್ಷ ಏಳರಿಂದ ಭಾಗಿಸಿದಾಗ ಒಂದು ದಿನ ಉಳಿಯುವುದರಿಂದ 60 ವರ್ಷಕ್ಕೆ 60; ಅಧಿಕ ದಿನಗಳು 14. ಹದಿನೈದಲ್ಲ, ಏಕೆಂದರೆ ಹದಿಮೂರನೆಯ ಗ್ರೆಗೊರಿ ಜಗದ್ಗುರುಗಳು 1582ರಲ್ಲಿ ಜಾರಿಗೆ ತಂದ ನಿಯಮದಂತೆ 1900ರಲ್ಲಿ ಫೆಬ್ರವರಿ 29 ಇರಲಿಲ್ಲ. ಒಟ್ಟು 74ರಲ್ಲಿ ಏಳನ್ನು ಕಳೆಯುತ್ತ ಹೋದರೆ ಉಳಿಯುವುದು ನಾಲ್ಕು. 1925ರ ಫೆಬ್ರವರಿ 11 ಬುಧವಾರ. ಮುಂದಿನ 211 ದಿನಗಳಲ್ಲಿ ಉಳಿಯುವುದು ಒಂದು. ಅವರು ತೀರಿದ್ದು ಗುರುವಾರ.

ಗ್ರೆಗೊರಿಯವರ ಸುಧಾರಣೆಯಲ್ಲಿ ಅಕ್ಟೋಬರ್ 4ರ ಗುರುವಾರದ ಮರುದಿನ 15ರ ಶುಕ್ರವಾರವಾಯಿತು. ಹತ್ತು ತಾರೀಖುಗಳು ಮಾಯವಾದರೂ ವಾರದ ಸರಪಳಿ ಕಡಿಯಲಿಲ್ಲ. ಸಂವತ್ಸರಚಕ್ರವನ್ನು ಒಮ್ಮೆ ಪೂರೈಸಿ ಕಣ್ಮುಚ್ಚಿದ ಪಿಳ್ಳೆಯವರು ಆ ಸರಪಳಿಯನ್ನು ಹಿಡಿದೇ, ಹೆಸರು ಅಳಿಸಿಹೋದವರ ದಿನಗಳನ್ನು ನಮಗೆ ಮರಳಿ ದೊರಕಿಸಿಕೊಟ್ಟರು.