ಬಳಸದೆ ಇಟ್ಟ ಹಳೇ ಟೈರ್ ಹೊಸದಕ್ಕೆ ಸಮಾನವೇ? ಚಾರ್ಲ್ಸ್ ಗುಡ್‌ಇಯರ್ ಬದುಕು ಹೇಳುವ ಉತ್ತರ

ಟೈರ್ ತಯಾರಾಗಿ ಆರೇಳು ವರ್ಷ ಆಗಿದ್ದರೇನು, ಒಂದು ಕಿಲೋಮೀಟರ್ ಕೂಡ ಓಡಿಲ್ಲ, ಹಾಗಾಗಿ ಅದು ಹೊಸದೇ, ಅರ್ಧ ಬೆಲೆಗೆ ಸಿಕ್ಕರೆ ಲಾಭವೇ. ಇಂಥ ಮಾತನ್ನು ನೀವೂ ಕೇಳಿರಬಹುದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಂಥ ಬಿಸಿಲ ಸೀಮೆಯಲ್ಲಿ ಈ ಮಾತನ್ನು ನಂಬುವ ಮುನ್ನ ಒಬ್ಬ ಮನುಷ್ಯನ ಕಥೆ ತಿಳಿದುಕೊಳ್ಳಿ. ಅವನು ತಯಾರಿಸಿದ ರಬ್ಬರ್ ಸಾಮಾನು ಯಾರೂ ಬಳಸುವ ಮುನ್ನವೇ, ಇಟ್ಟಲ್ಲೇ ಹಾಳಾಗಿತ್ತು.

ಯಾರು ಈ ಗುಡ್‌ಇಯರ್?

ಚಾರ್ಲ್ಸ್ ಗುಡ್‌ಇಯರ್ ಹುಟ್ಟಿದ್ದು 1800ರ ಡಿಸೆಂಬರ್ 29ರಂದು, ಅಮೆರಿಕದ ನ್ಯೂ ಹೇವನ್ ಊರಿನಲ್ಲಿ. ತಂದೆಯದು ಕಬ್ಬಿಣದ ಸಾಮಾನಿನ ವ್ಯಾಪಾರ. ಮಗನೂ ಅದೇ ವ್ಯಾಪಾರಕ್ಕೆ ಇಳಿದ. 1830ರ ಹೊತ್ತಿಗೆ ಅಂಗಡಿ ಮುಳುಗಿ, ಸಾಲ ತಲೆ ಮೇಲೆ ಬಂತು. ಆ ಕಾಲದಲ್ಲಿ ಸಾಲ ತೀರಿಸದವರನ್ನು ಜೈಲಿಗೆ ಹಾಕುತ್ತಿದ್ದರು. ಗುಡ್‌ಇಯರ್ ಹಲವು ಸಲ ಜೈಲು ಕಂಡ.

1834ರಲ್ಲಿ ನ್ಯೂಯಾರ್ಕಿನ ಒಂದು ರಬ್ಬರ್ ಅಂಗಡಿಗೆ ಹೋದಾಗ ಅವನ ಬದುಕು ತಿರುಗಿತು. ಜನ ಆಸೆಯಿಂದ ಕೊಂಡಿದ್ದ ರಬ್ಬರ್ ಸಾಮಾನು ಬೇಸಿಗೆಯಲ್ಲಿ ಕರಗಿ, ನಾರುತ್ತಾ ಅಂಗಡಿಗೆ ವಾಪಸ್ ಬರುತ್ತಿತ್ತು. ಚಳಿಗಾಲದಲ್ಲಿ ಅದೇ ರಬ್ಬರ್ ಮರದ ತುಂಡಿನಂತೆ ಗಟ್ಟಿಯಾಗುತ್ತಿತ್ತು. ಇದಕ್ಕೆ ಪರಿಹಾರ ಹುಡುಕುವ ಹುಚ್ಚು ಅವನಿಗೆ ಹಿಡಿಯಿತು. ಜೈಲಿನಲ್ಲಿದ್ದಾಗಲೂ ಹೆಂಡತಿ ಕ್ಲಾರಿಸಾ ತಂದುಕೊಟ್ಟ ಲಟ್ಟಣಿಗೆಯಿಂದ ರಬ್ಬರ್ ಲಟ್ಟಿಸಿ ಪ್ರಯೋಗ ಮಾಡಿದ.

ಬಳಸುವ ಮುನ್ನವೇ ಹಾಳಾದ ಚೀಲಗಳು

ಸ್ವಲ್ಪ ಕಾಲದ ನಂತರ ನೈಟ್ರಿಕ್ ಆಸಿಡ್ ಹಚ್ಚಿದರೆ ರಬ್ಬರ್ ಮೇಲ್ಮೈಯ ಅಂಟು ಹೋಗುತ್ತದೆ ಎಂದು ಕಂಡುಕೊಂಡ. ಗೆದ್ದೆ ಎಂದುಕೊಂಡ. ಸರ್ಕಾರದಿಂದ 150 ಅಂಚೆ ಚೀಲಗಳ ಆರ್ಡರ್ ಕೂಡ ಸಿಕ್ಕಿತು. ಚೀಲಗಳನ್ನು ಮಾಡಿ, ಬೆಚ್ಚಗಿನ ಕೋಣೆಯಲ್ಲಿ ಇಟ್ಟು, ಮನೆಯವರೊಂದಿಗೆ ಕೆಲವು ವಾರ ಊರಿಗೆ ಹೋದ. ಬಂದು ನೋಡಿದರೆ ಚೀಲಗಳು ಕರಗಿ, ಜೋತುಬಿದ್ದು, ಕೆಲಸಕ್ಕೆ ಬಾರದಂತಾಗಿದ್ದವು. ಒಂದು ಪತ್ರವನ್ನೂ ಹೊತ್ತಿರಲಿಲ್ಲ. ಆಸಿಡ್ ಕೆಲಸ ಮಾಡಿದ್ದು ಮೇಲ್ಮೈಯಲ್ಲಿ ಮಾತ್ರ. ಒಳಗಿನ ರಬ್ಬರ್ ಮೊದಲಿನಂತೆಯೇ ಇತ್ತು.

ಬಳಸದೆ ಇಟ್ಟರೂ ರಬ್ಬರ್ ಕೆಡುತ್ತದೆ, ಹೊರಗಿನ ನೋಟ ನಂಬುವಂತಿಲ್ಲ. ಈ ಪಾಠಕ್ಕೆ ಅವನು ತೆತ್ತ ಬೆಲೆ ದೊಡ್ಡದು. ಇದ್ದಬದ್ದ ಹಣ, ಮಾನ ಎರಡೂ ಹೋದವು. ಮಕ್ಕಳ ಶಾಲೆ ಪುಸ್ತಕಗಳನ್ನೂ ಮಾರಿದ. ಹಲವು ಮಕ್ಕಳು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು.

ಬಿಸಿ ಒಲೆ ಮತ್ತು ಗಂಧಕ

ನಂತರ ನಥಾನಿಯಲ್ ಹೇವರ್ಡ್ ಎಂಬಾತನಿಂದ ರಬ್ಬರಿಗೆ ಗಂಧಕ ಬೆರೆಸುವ ವಿಧಾನವನ್ನು ಗುಡ್‌ಇಯರ್ ಪಡೆದುಕೊಂಡ. 1839ರಲ್ಲಿ ವೋಬರ್ನ್ ಊರಿನಲ್ಲಿ ಗಂಧಕ ಬೆರೆಸಿದ ರಬ್ಬರ್ ಬಿಸಿ ಒಲೆಗೆ ತಾಗಿತು. ಅದು ಕರಗಲಿಲ್ಲ, ಚರ್ಮದಂತೆ ಗಟ್ಟಿಯಾಯಿತು. ಎಷ್ಟು ಗಂಧಕ, ಎಷ್ಟು ಶಾಖ, ಎಷ್ಟು ಹೊತ್ತು ಎಂದು ಗೊತ್ತುಮಾಡಲು ಮತ್ತೆ ವರ್ಷಗಳೇ ಹಿಡಿದವು. 1844ರ ಜೂನ್ 15ರಂದು ಅಮೆರಿಕದ ಪೇಟೆಂಟ್ ಸಿಕ್ಕಿತು. ಬ್ರಿಟನ್ನಿನಲ್ಲಿ ಮಾತ್ರ ಥಾಮಸ್ ಹ್ಯಾಂಕಾಕ್ ಮೊದಲೇ ಅರ್ಜಿ ಹಾಕಿಬಿಟ್ಟಿದ್ದ.

ಈ ವಿಧಾನದ ಹೆಸರು ವಲ್ಕನೈಸೇಷನ್. ರೋಮನ್ನರ ಬೆಂಕಿ ದೇವತೆ ವಲ್ಕನ್‌ನಿಂದ ಬಂದ ಹೆಸರು. ಪಂಕ್ಚರ್ ಅಂಗಡಿಗಳ ಬೋರ್ಡಿನಲ್ಲಿ ಕಾಣುವ ವಲ್ಕನೈಸಿಂಗ್ ಎಂಬ ಮಾತು ಇದೇ.

1855ರಲ್ಲಿ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಗುಡ್‌ಇಯರ್‌ಗೆ ಗೌರವ ಸಂದಿತು. ಆ ವರ್ಷವೇ ಸಾಲಕ್ಕಾಗಿ ಅಲ್ಲಿನ ಜೈಲಿಗೂ ಹೋದ. 1860ರ ಜುಲೈ 1ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡಾಗ ಸುಮಾರು 2 ಲಕ್ಷ ಡಾಲರ್ ಸಾಲವಿತ್ತು. ಟೈರ್ ಕಂಪನಿಯನ್ನು ಕಟ್ಟಿದವನು ಅವನಲ್ಲ. ಅವನು ಸತ್ತು 38 ವರ್ಷಗಳ ಬಳಿಕ, 1898ರಲ್ಲಿ, ಫ್ರಾಂಕ್ ಸೈಬರ್ಲಿಂಗ್ ಎಂಬಾತ ಕಂಪನಿ ಶುರುಮಾಡಿ ಗೌರವಕ್ಕಾಗಿ ಆ ಹೆಸರಿಟ್ಟ.

ಹಾಗಾದರೆ ಇಂದಿನ ಟೈರ್ ಕೆಡುವುದಿಲ್ಲವೇ?

ಕೆಡುತ್ತದೆ, ಆದರೆ ನಿಧಾನವಾಗಿ. ಗಂಧಕವು ರಬ್ಬರಿನ ಉದ್ದನೆಯ ಎಳೆಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ. ಆದರೆ ಗಾಳಿಯ ಆಮ್ಲಜನಕ ಮತ್ತು ಓಝೋನ್ ಆ ಎಳೆಗಳ ಮೇಲೆ ಕೆಲಸ ಮಾಡುತ್ತಲೇ ಇರುತ್ತವೆ. ಶಾಖ ಹೆಚ್ಚಿದಷ್ಟೂ ಈ ಕೆಲಸ ಬೇಗ. ಬೇಸಿಗೆಯಲ್ಲಿ 40 ಡಿಗ್ರಿ ತಲುಪುವ ನಮ್ಮ ಕಡೆ, ತಗಡಿನ ಶೆಡ್ಡಿನಲ್ಲಿ ಪೇರಿಸಿಟ್ಟ ಟೈರಿನ ಸ್ಥಿತಿ ಊಹಿಸಿಕೊಳ್ಳಿ.

ಟೈರಿನಲ್ಲಿ ಬಿರುಕು ತಡೆಯುವ ಮೇಣ ಮತ್ತು ರಾಸಾಯನಿಕ ಬೆರೆಸಿರುತ್ತಾರೆ. ಚಕ್ರ ಉರುಳುವಾಗ ಅವು ಮೇಲ್ಮೈಗೆ ಚೆನ್ನಾಗಿ ಬರುತ್ತವೆ. ಸುಮ್ಮನೆ ಇಟ್ಟ ಟೈರಿಗೆ ಆ ಅನುಕೂಲ ಕಡಿಮೆ. ರಬ್ಬರ್ ಒಳಗೆ ಬಿರುಸಾಗಿ, ಸ್ಟೀಲ್ ಬೆಲ್ಟಿನ ಹಿಡಿತ ಸಡಿಲವಾದರೆ ಹೆದ್ದಾರಿಯ ವೇಗದಲ್ಲಿ ಮೇಲಿನ ಪದರವೇ ಕಿತ್ತುಬರಬಹುದು. ಕೂಡ್ಲಿಗಿ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಮಧ್ಯಾಹ್ನದ ಬಿಸಿಲಿಗೆ ಮನೆಮಂದಿಯೆಲ್ಲ ಕಾರಿನಲ್ಲಿ ಹೋಗುವಾಗ ಹೀಗಾದರೆ, ಉಳಿಸಿದ ಒಂದೆರಡು ಸಾವಿರ ರೂಪಾಯಿ ಯಾವ ಲೆಕ್ಕ?

ಕೊಳ್ಳುವಾಗ ಏನು ನೋಡಬೇಕು?

ಟೈರಿನ ಪಕ್ಕದಲ್ಲಿ ಡಾಟ್ ಎಂಬ ಇಂಗ್ಲಿಷ್ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಒಂದು ಬದಿಯಲ್ಲಿ ಕಾಣದಿದ್ದರೆ ಇನ್ನೊಂದು ಬದಿ ನೋಡಿ.

ತಯಾರಾಗಿ ಒಂದೆರಡು ವರ್ಷವಾಗಿ, ನೆರಳಿನಲ್ಲಿ ತಂಪಾಗಿ ಇಟ್ಟಿದ್ದರೆ ಹೆದರಬೇಕಿಲ್ಲ. ಸ್ವಲ್ಪ ಕಡಿಮೆ ಬೆಲೆಗೆ ಸಿಕ್ಕರೆ ಕೊಳ್ಳಬಹುದು.

ಐದು ವರ್ಷ ದಾಟಿದ್ದರೆ, ಬಳಸಿರದಿದ್ದರೂ ಬೇಡ. ಕೆಲವು ಕಾರು ಕಂಪನಿಗಳು ಆರು ವರ್ಷಕ್ಕೇ ಟೈರ್ ಬದಲಿಸಲು ಹೇಳುತ್ತವೆ. ಟೈರ್ ಕಂಪನಿಗಳು ಹಾಕುವ ಕೊನೆಯ ಗಡಿ ಸಾಮಾನ್ಯವಾಗಿ ಹತ್ತು ವರ್ಷ. ಈ ಲೆಕ್ಕ ಶುರುವಾಗುವುದು ತಯಾರಾದ ದಿನದಿಂದ.

ಹೊಳಪು ನೋಡಿ ಮೋಸ ಹೋಗಬೇಡಿ, ಪಾಲಿಶ್ ಹಚ್ಚಿದರೆ ಯಾವ ಟೈರೂ ಹೊಳೆಯುತ್ತದೆ. ಸಣ್ಣ ಬಿರುಕು ಕಂಡರೆ ಬಿಟ್ಟುಬಿಡಿ. ಬಿರುಕು ಇಲ್ಲ ಎಂದ ಮಾತ್ರಕ್ಕೆ ಒಳಗೂ ಚೆನ್ನಾಗಿದೆ ಎಂದಲ್ಲ. ಡಿಕ್ಕಿಯಲ್ಲಿ ವರ್ಷಗಟ್ಟಲೆ ಮಲಗಿರುವ ಸ್ಟೆಪ್ನಿಗೂ ಇದೇ ನಿಯಮ.

ಕೊನೆಗೆ: ಬಳಸದ ಟೈರ್ ಎಷ್ಟೇ ವರ್ಷವಾದರೂ ಹೊಸದೇ ಎಂಬುದು ತಪ್ಪು. ಮುಂದಿನ ಸಲ ಇಂಥ ಮಾತು ನಿಮ್ಮ ಗ್ರೂಪಿಗೆ ಬಂದರೆ ಆ 150 ಅಂಚೆ ಚೀಲಗಳ ಕಥೆ ಕಳಿಸಿ. ಜೊತೆಗೆ ಇವತ್ತೇ ನಿಮ್ಮ ಕಾರಿನ ಐದೂ ಟೈರಿನ ನಾಲ್ಕು ಅಂಕಿ ಓದಿ ಬನ್ನಿ.