ಡಾ. ಕಾದಂಬಿನಿ ಗಂಗೂಲಿ: ಮದುವೆಯಾದ ತಿಂಗಳಲ್ಲೇ ಮೆಡಿಕಲ್ ಕಾಲೇಜಿಗೆ

ಪಿ.ಯು.ಸಿ. ಫಲಿತಾಂಶ ಬಂದ ದಿನಗಳಲ್ಲಿ ಪಾಲಕರು ನಮ್ಮಂಥ ಶಿಕ್ಷಕರ ಬಳಿ ಬಂದು ಒಂದೇ ಚಿಂತೆಯನ್ನು ಹೇಳಿಕೊಳ್ಳುತ್ತಾರೆ. ಮಗಳಿಗೆ ಮೆಡಿಕಲ್ ಸೀಟು ಸಿಗುವ ಹಾಗಿದೆ. ಆದರೆ ಎಂ.ಬಿ.ಬಿ.ಎಸ್.ಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಎಂ.ಡಿ. ಮಾಡಿದರೆ ಮತ್ತೆ ಮೂರು ವರ್ಷ. ಅಷ್ಟರಲ್ಲಿ ಒಳ್ಳೆಯ ಸಂಬಂಧ ಕೈತಪ್ಪಿ ಹೋದರೆ ಏನು ಗತಿ ಎನ್ನುವುದು ಅವರ ಅಳಲು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೀಗೆಯೇ ನಿಶ್ಚಿತಾರ್ಥಕ್ಕಾಗಿ ಸೀಟು ಬಿಟ್ಟಳು. ಬಿಡು ಎಂದು ಗಂಡಿನ ಕಡೆಯವರು ಹೇಳಿರಲಿಲ್ಲ; ಅವರನ್ನು ಯಾರೂ ಕೇಳಿಯೇ ಇರಲಿಲ್ಲ! ಅವಳ ನೆನಪಾದಾಗಲೆಲ್ಲ ನನಗೆ ಕಲ್ಕತ್ತೆಯ ಡಾ. ಕಾದಂಬಿನಿ ಗಂಗೂಲಿಯವರ ನೆನಪೂ ಬರುತ್ತದೆ.

ಕಾದಂಬಿನಿ ಹುಟ್ಟಿದ್ದು 1861ರಲ್ಲಿ. ತಂದೆ ಬ್ರಜಕಿಶೋರ ಬಸು ಬಿಹಾರದ ಭಾಗಲ್ಪುರದಲ್ಲಿ ಹೆಡ್‌ಮಾಸ್ಟರ್ ಆಗಿದ್ದರು, ಬ್ರಹ್ಮಸಮಾಜಕ್ಕೆ ಸೇರಿದವರು. ಹೆಣ್ಣುಮಕ್ಕಳು ಓದಬೇಕೆಂಬ ಹಂಬಲ ಆ ಮನೆಯಲ್ಲಿ ಮೊದಲಿನಿಂದಲೂ ಇತ್ತು. ಮಗಳನ್ನು ಓದಲು ಕಲ್ಕತ್ತೆಗೆ ಕಳಿಸಿದರು. 1878ರಲ್ಲಿ ಆಕೆ ಕಲ್ಕತ್ತಾ ವಿಶ್ವವಿದ್ಯಾಲಯದ ಎಂಟ್ರೆನ್ಸ್ ಪರೀಕ್ಷೆ ಪಾಸಾದರು. 1883ರಲ್ಲಿ ಚಂದ್ರಮುಖಿ ಬಸು ಅವರೊಂದಿಗೆ ಬಿ.ಎ. ಪದವಿ ಪಡೆದರು. ನಮ್ಮ ದೇಶದ ಮೊದಲ ಇಬ್ಬರು ಮಹಿಳಾ ಪದವೀಧರರು ಇವರೇ.

ಮುಂದೆ ವೈದ್ಯಕೀಯ ಓದಬೇಕೆಂದು ಕಾದಂಬಿನಿ ನಿಶ್ಚಯಿಸಿದರು. ಆದರೆ ಕಲ್ಕತ್ತಾ ಮೆಡಿಕಲ್ ಕಾಲೇಜಿನ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದಿರಲಿಲ್ಲ. ಅಬಲಾ ದಾಸ್ ಎಂಬ ಬಂಗಾಳಿ ಹುಡುಗಿ (ಮುಂದೆ ವಿಜ್ಞಾನಿ ಜಗದೀಶಚಂದ್ರ ಬೋಸರ ಪತ್ನಿಯಾದವರು) ಇದೇ ಕಾರಣಕ್ಕೆ 1882ರಲ್ಲಿ ದೂರದ ಮದರಾಸಿಗೆ ಹೋಗಬೇಕಾಯಿತು. ಈ ಬಾಗಿಲು ತೆರೆಸಲು ಓಡಾಡಿದವರಲ್ಲಿ ಮುಖ್ಯರಾದವರು ದ್ವಾರಕಾನಾಥ ಗಂಗೂಲಿ. ಅವರು ಕಾದಂಬಿನಿಯವರ ಗುರುಗಳು. ಹೆಣ್ಣುಮಕ್ಕಳ ಪರವಾಗಿ 'ಅಬಲಾಬಾಂಧವ' ಎಂಬ ಪತ್ರಿಕೆ ನಡೆಸಿದವರು. ಕಡೆಗೆ ಬಂಗಾಳದ ಲೆಫ್ಟಿನೆಂಟ್ ಗವರ್ನರ್ ರಿವರ್ಸ್ ಥಾಮ್ಸನ್ ಕಾಲೇಜಿನವರ ವಿರೋಧವನ್ನು ಬದಿಗೊತ್ತಿ ಪ್ರವೇಶಕ್ಕೆ ಅನುಮತಿ ಕೊಟ್ಟರು.

ಅದೇ 1883ರ ಜೂನ್ 12ರಂದು ಕಾದಂಬಿನಿ ಮತ್ತು ದ್ವಾರಕಾನಾಥರ ಮದುವೆಯಾಯಿತು. ವರನಿಗೆ 39 ವರ್ಷ, ವಿಧುರ, ಮೊದಲ ಹೆಂಡತಿಯಿಂದ ಮಕ್ಕಳೂ ಇದ್ದರು. ವಧುವಿಗೆ ಇನ್ನೂ 22 ತುಂಬಿರಲಿಲ್ಲ. ಸುಧಾರಕರೆನಿಸಿಕೊಂಡ ಆಪ್ತ ಮಿತ್ರರಲ್ಲೇ ಹಲವರು ಈ ಮದುವೆಗೆ ಮುಖ ತಿರುಗಿಸಿದರು. ಇಷ್ಟು ವಯಸ್ಸಿನ ಅಂತರವನ್ನು ನಾನೂ ಹೊಗಳಲಾರೆ. ಆದರೆ ಮದುವೆಯಾದ ಮೇಲೆ ಏನಾಯಿತೆಂಬುದನ್ನು ನೋಡಬೇಕು. ಆ ತಿಂಗಳು ಮುಗಿಯುವುದರೊಳಗೆ ಹೊಸ ಮದುಮಗಳು ಮೆಡಿಕಲ್ ಕಾಲೇಜಿಗೆ ಸೇರಿದ್ದರು. ಸರ್ಕಾರದಿಂದ ತಿಂಗಳಿಗೆ 20 ರೂಪಾಯಿ ವಿದ್ಯಾರ್ಥಿವೇತನವೂ ದೊರೆಯಿತು. ಮದುವೆಯೋ ಓದೋ ಎಂದು ಈ ದಂಪತಿ ತಕ್ಕಡಿ ಹಿಡಿದು ಕೂರಲಿಲ್ಲ. ಓದನ್ನು ಮೊದಲು ಗೊತ್ತುಮಾಡಿಕೊಂಡು, ಸಂಸಾರವನ್ನು ಅದರ ಸುತ್ತ ಹೊಂದಿಸಿಕೊಂಡರು.

ಹೊಂದಿಸುವುದು ಸುಲಭದ ಮಾತಾಗಿರಲಿಲ್ಲ. ದ್ವಾರಕಾನಾಥರು ಹಣವಂತರಲ್ಲ. ಜೊತೆಗೆ ಸಭೆ, ಪತ್ರಿಕೆ, ಅಸ್ಸಾಮಿನ ಚಹಾ ತೋಟದ ಕೂಲಿಗಳ ಕಷ್ಟ ತಿಳಿಯಲು ಅಲೆದಾಟ ಎಂದು ಅವರಿಗೂ ನೂರೆಂಟು ಕೆಲಸ. ಮನೆ ಕಾರ್ನ್‌ವಾಲಿಸ್ ಬೀದಿಯಲ್ಲಿತ್ತು. ಯಾವಾಗಲೂ ಜನ ತುಂಬಿರುತ್ತಿದ್ದರು. ಕಾದಂಬಿನಿಯವರ ಮಲಮಗಳು ಬಿಧುಮುಖಿ 1885ರಲ್ಲಿ ಲೇಖಕ ಉಪೇಂದ್ರಕಿಶೋರ ರಾಯ್ ಚೌಧುರಿಯವರನ್ನು ಮದುವೆಯಾದರು, ಆ ಸಂಸಾರವೂ ಅದೇ ಮನೆಯಲ್ಲಿ ಬೆಳೆಯಿತು. ಚಿತ್ರ ನಿರ್ದೇಶಕ ಸತ್ಯಜಿತ್ ರಾಯ್ ಈ ಉಪೇಂದ್ರಕಿಶೋರರ ಮೊಮ್ಮಗ.

ಓದುತ್ತಿರುವಾಗಲೇ ಕಾದಂಬಿನಿ ತಾಯಿಯಾದರು. ಇದರ ಸುದ್ದಿ ಇಂಗ್ಲೆಂಡಿನಲ್ಲಿದ್ದ ಫ್ಲಾರೆನ್ಸ್ ನೈಟಿಂಗೇಲರವರೆಗೂ ಹೋಗಿತ್ತು. 1888ರಲ್ಲಿ ಬರೆದ ಪತ್ರವೊಂದರಲ್ಲಿ ಅವರು, ಈ ಹೆಣ್ಣುಮಗಳು ಬಾಣಂತನಕ್ಕೆಂದು ಕಾಲೇಜು ತಪ್ಪಿಸಿದ್ದು ಬರೀ ಹದಿಮೂರು ದಿನ ಎಂದು ಅಚ್ಚರಿಪಟ್ಟು, ಆಕೆಯ ಬಗ್ಗೆ ಹೆಚ್ಚು ವಿಚಾರಿಸಿದ್ದಾರೆ. ಹದಿಮೂರು ದಿನ! ನಮ್ಮ ಕಡೆ ನಲವತ್ತು ದಿನ ಕೋಣೆಯಿಂದ ಹೊರಗೆ ಬರಲು ಬಿಡುವುದಿಲ್ಲ. ಇದನ್ನು ಓದಿ ನನಗೆ ಮೆಚ್ಚಿಗೆಗಿಂತ ಮರುಕವೇ ಹೆಚ್ಚಾಯಿತು.

ಕಾಲೇಜಿನಲ್ಲಿ ಒಂದು ವಿಷಯದಲ್ಲಿ ನಪಾಸಾದ್ದರಿಂದ ಎಂ.ಬಿ. ಪದವಿ ಸಿಗಲಿಲ್ಲ. ಹೆಣ್ಣು ಓದುವುದೇ ಸರಿಯಲ್ಲವೆನ್ನುತ್ತಿದ್ದ ಪ್ರಾಧ್ಯಾಪಕರೊಬ್ಬರೇ ಇದಕ್ಕೆ ಕಾರಣವೆಂದು ಹೇಳುತ್ತಾರೆ. 1886ರಲ್ಲಿ ಜಿ.ಬಿ.ಎಂ.ಸಿ. ಎಂಬ ಅರ್ಹತಾಪತ್ರ ಕೊಟ್ಟರು. ಅದರಿಂದ ವೈದ್ಯವೃತ್ತಿ ನಡೆಸಬಹುದಿತ್ತು. 1888ರಲ್ಲಿ ಲೇಡಿ ಡಫರಿನ್ ಮಹಿಳಾ ಆಸ್ಪತ್ರೆಯಲ್ಲಿ ತಿಂಗಳಿಗೆ 300 ರೂಪಾಯಿ ಸಂಬಳದ ಕೆಲಸವೂ ಸಿಕ್ಕಿತು.

ರಾತ್ರಿ ಹೊತ್ತು ಗಾಡಿಯಲ್ಲಿ ರೋಗಿಗಳ ಮನೆಗೆ ಹೋಗುವ ಹೆಂಗಸೆಂದರೆ ಊರು ಸುಮ್ಮನಿರುತ್ತದೆಯೇ? 1891ರಲ್ಲಿ 'ಬಂಗಬಾಸಿ' ಎಂಬ ಪತ್ರಿಕೆ ಆಕೆಯ ಶೀಲದ ಮೇಲೆಯೇ ಕೆಸರೆರಚಿತು. ಇಂಥ ಸಂದರ್ಭದಲ್ಲಿ ಮಾನಕ್ಕೆ ಹೆದರಿ ಹೆಂಡತಿಯನ್ನು ಮನೆಯಲ್ಲಿ ಕೂರಿಸುವ ಗಂಡಂದಿರನ್ನು ನಾವು ಕಂಡಿದ್ದೇವೆ. ದ್ವಾರಕಾನಾಥರು ಹೆಂಡತಿಯ ಜೊತೆ ಕೋರ್ಟಿಗೆ ಹೋದರು. ಸಂಪಾದಕನಿಗೆ 100 ರೂಪಾಯಿ ದಂಡ ಮತ್ತು ಆರು ತಿಂಗಳ ಸೆರೆಮನೆ ವಾಸವಾಯಿತು. ಕಾದಂಬಿನಿಯವರ ಗಾಡಿ ನಿಲ್ಲಲಿಲ್ಲ.

ಆದರೆ ಅರೆಬರೆ ಪದವಿಯೆಂಬ ಮಾತು ಅವರನ್ನು ಬಿಡದೆ ಕಾಡುತ್ತಿತ್ತು. ಮೇಲಿನ ಹುದ್ದೆಗಳು ಯುರೋಪಿನ ವೈದ್ಯೆಯರ ಪಾಲಾಗುತ್ತಿದ್ದವು. ಆಗ ದಂಪತಿ ಮತ್ತೊಂದು ಕಠಿಣ ತೀರ್ಮಾನ ಮಾಡಿದರು. ಮಕ್ಕಳನ್ನು ಮನೆಯವರ ಸುಪರ್ದಿಗೆ ಬಿಟ್ಟು ಕಾದಂಬಿನಿ ಬ್ರಿಟನ್ನಿಗೆ ಹಡಗು ಹತ್ತಿದರು. ದ್ವಾರಕಾನಾಥರು ಕಲ್ಕತ್ತೆಯಲ್ಲೇ ಉಳಿದರು. ಕೊನೆಯ ಮಗು ಇನ್ನೂ ಎಳೆಯದು. 1893ರಲ್ಲಿ ಎಡಿನ್‌ಬರೋ ಮತ್ತು ಗ್ಲಾಸ್ಗೋದ ಮೂರು ಡಿಪ್ಲೊಮಾಗಳನ್ನು ಒಟ್ಟಿಗೆ ಪಡೆದು ಹಿಂದಿರುಗಿದರು. ಮನೆಗೆ ಬಂದು ಕೈ ಚಾಚಿದಾಗ ಆ ಮಗುವಿಗೆ ತಾಯಿಯ ಗುರುತೇ ಸಿಗಲಿಲ್ಲ, ಹತ್ತಿರ ಬರಲು ಒಪ್ಪಲಿಲ್ಲ ಎಂದು ಆ ಮನೆಯಲ್ಲಿ ಬೆಳೆದವರು ನೆನಪಿಸಿಕೊಂಡಿದ್ದಾರೆ. ಮೊದಲ ಮಹಿಳೆ, ಮೊದಲ ಪದವಿ ಎಂದು ನಾವು ಮಕ್ಕಳಿಗೆ ಪಾಠ ಮಾಡುವಾಗ ಈ ಸಂಗತಿಯನ್ನು ಹೇಳುವುದೇ ಇಲ್ಲ. ಹೇಳಬೇಕು. ಈ ದಂಪತಿ ಕೊಟ್ಟ ಬೆಲೆ ಅದು, ಮತ್ತು ಗೊತ್ತಿದ್ದೇ ಕೊಟ್ಟದ್ದು.

ಅನಂತರ ನೇಪಾಳದ ರಾಜಮನೆತನದಿಂದಲೂ ಚಿಕಿತ್ಸೆಗೆ ಕರೆ ಬಂತು. ಹೆಸರು, ಸಂಪಾದನೆ ಎರಡೂ ಬೆಳೆದವು. ಮನೆಯಲ್ಲಿ ಎಂಟು ಮಕ್ಕಳ ಜವಾಬ್ದಾರಿ. ಒಂದು ರೋಗಿಯ ಮನೆಯಿಂದ ಇನ್ನೊಂದಕ್ಕೆ ಕುದುರೆಗಾಡಿಯಲ್ಲಿ ಹೋಗುವಾಗಲೂ ಅವರ ಕೈ ಸುಮ್ಮನಿರುತ್ತಿರಲಿಲ್ಲ, ನಯವಾದ ಲೇಸು ಹೆಣೆಯುತ್ತಿದ್ದರಂತೆ.

1898ರ ಜೂನ್‌ನಲ್ಲಿ ದ್ವಾರಕಾನಾಥರು ತೀರಿಕೊಂಡರು. ಮದುವೆಯಾಗಿ ಹದಿನೈದು ವರ್ಷವಾಗಿತ್ತಷ್ಟೆ. ಆ ಬಳಿಕ ಸಂಸಾರದ ಭಾರ ಪೂರ್ತಿ ಕಾದಂಬಿನಿಯವರ ಮೇಲೆ ಬಿತ್ತು. ಆ ಮನೆ ನಡೆದದ್ದು ಇಬ್ಬರೂ ಕೂಡಿ ಗಳಿಸಿದ ಅದೇ ವಿದ್ಯೆಯಿಂದ. ಮಗಳು ಜ್ಯೋತಿರ್ಮಯಿ ಸ್ವಾತಂತ್ರ್ಯ ಹೋರಾಟಗಾರ್ತಿಯಾದರು, ಮಗ ಪ್ರಭಾತಚಂದ್ರ ಪತ್ರಕರ್ತರಾದರು. 1922ರಲ್ಲಿ, ಅರವತ್ತು ದಾಟಿದ ಮೇಲೆ, ಕವಯಿತ್ರಿ ಕಾಮಿನಿ ರಾಯ್ ಅವರೊಂದಿಗೆ ಬಿಹಾರ ಮತ್ತು ಒರಿಸ್ಸಾದ ಕಲ್ಲಿದ್ದಲು ಗಣಿಗಳಲ್ಲಿ ದುಡಿಯುವ ಹೆಂಗಸರ ಸ್ಥಿತಿಯನ್ನು ನೋಡಲು ಹೋದರು.

1923ರ ಅಕ್ಟೋಬರ್ 3ರಂದು ಶಸ್ತ್ರಚಿಕಿತ್ಸೆಯೊಂದನ್ನು ಮುಗಿಸಿ ಮನೆಗೆ ಬಂದರು. ಅದೇ ದಿನ ಅವರ ಪ್ರಾಣ ಹೋಯಿತು.